ಮಳೆ ನಂಬಿದ ಹೊಲಕ್ಕೆ ತಂತ್ರಜ್ಞಾನ: ಯಾವುದು ಮೊದಲು, ಯಾವುದು ಆಮೇಲೆ

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಚಿತ್ರದುರ್ಗ, ಶಿರಾ, ಪಾವಗಡ ಕಡೆ ಹೊಲ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೇಶದಲ್ಲಿ ಒಣಭೂಮಿ ಜಾಸ್ತಿ ಇರುವ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಸಾಗುವಳಿ ಭೂಮಿಯಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಇವತ್ತಿಗೂ ಮಳೆಯನ್ನೇ ಕಾಯುತ್ತದೆ.

ಕೃಷಿ ತಂತ್ರಜ್ಞಾನ ಅಂದ ಕೂಡಲೇ ಡ್ರೋನ್, ಸೆನ್ಸರ್, ಆ್ಯಪ್ ನೆನಪಾಗುತ್ತವೆ. ಅವು ಬೇಡ ಅನ್ನುತ್ತಿಲ್ಲ. ಆದರೆ ಅವುಗಳಿಗೆ ಒಂದು ಸರದಿ ಇದೆ. ಹೊಲದಲ್ಲಿ ಬಿದ್ದ ಮಳೆ ನಿಲ್ಲದೆ ಹರಿದು ಹೋಗುತ್ತಿರುವಾಗ, ಮಣ್ಣಿನಲ್ಲಿ ಸತು ಇಲ್ಲದಿರುವಾಗ, ಬೀಜ ಹತ್ತು ವರ್ಷದ ಹಳೆಯದಿರುವಾಗ ಮೇಲಿಂದ ಏನು ತಂದು ಸಿಂಪಡಿಸಿದರೂ ಅದರ ದುಡ್ಡು ವಾಪಸ್ ಬರುವುದಿಲ್ಲ. ಎಷ್ಟೋ ಕುಟುಂಬಗಳು ಮೊದಲು ಸಾಲ ಮಾಡಿ ಬೋರ್ ಕೊರೆಸುತ್ತವೆ. ಬದು ಹಾಕುವುದು ಕೊನೆಗೆ, ಅದೂ ದುಡ್ಡು ಉಳಿದರೆ. ಈ ಕ್ರಮವನ್ನೇ ತಿರುಗಿಸಬೇಕು. ಕೆಳಗೆ ಬರೆದಿರುವುದು ಆ ಕ್ರಮದಲ್ಲೇ ಇದೆ.

ಮೊದಲು ನಿಮ್ಮ ಹೊಲದ ಮಳೆ ಅಳೆಯಿರಿ

ಇದಕ್ಕೆ ಖರ್ಚೇ ಇಲ್ಲ. ಮೇಲಿನಿಂದ ಕೆಳಗಿನವರೆಗೂ ಒಂದೇ ಅಗಲ ಇರುವ ಒಂದು ಡಬ್ಬಿ ತೆಗೆದುಕೊಳ್ಳಿ. ಮರ, ಗೋಡೆ ಅಡ್ಡ ಬರದ ಬಯಲಲ್ಲಿ ಗಾಳಿಗೆ ಬೀಳದ ಹಾಗೆ ನಿಲ್ಲಿಸಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಸ್ಕೇಲ್ ಇಟ್ಟು ನೀರಿನ ಎತ್ತರ ಎಷ್ಟು ಮಿಲಿಮೀಟರ್ ಅಂತ ನೋಡಿ, ಗೋಡೆಯ ಕ್ಯಾಲೆಂಡರ್ ಮೇಲೆ ಬರೆದು, ಡಬ್ಬಿ ಖಾಲಿ ಮಾಡಿ. ಅಷ್ಟೇ.

ಈ ಲೆಕ್ಕ ಯಾಕೆ ಬೇಕು? ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. 25 ಮಿ.ಮೀ. ಬಿದ್ದರೆ ಒಂದು ಲಕ್ಷ ಲೀಟರ್. ವಿಜಯಪುರದ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಅಂದರೆ ಎಕರೆಗೆ 24 ಲಕ್ಷ ಲೀಟರ್! ನಮ್ಮಲ್ಲಿ ಮಳೆಯೇ ಇಲ್ಲ ಅನ್ನುವವರು ಈ ಸಂಖ್ಯೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ನೀರು ಬರುತ್ತದೆ, ಆದರೆ ನಾಲ್ಕಾರು ದೊಡ್ಡ ಮಳೆಗಳಲ್ಲಿ ಒಟ್ಟಿಗೆ ಬಂದು ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ಹಾಗಾಗಿ ಯಾವ ದಿನ ಎಷ್ಟು ಬಿತ್ತು, ನಡುವೆ ಎಷ್ಟು ದಿನ ಮಳೆ ತಪ್ಪಿತು ಅನ್ನುವುದೇ ಮುಖ್ಯ. ಎರಡು ಮೂರು ವರ್ಷ ಬರೆದಿಟ್ಟರೆ ನಿಮ್ಮ ಹೊಲದ ಒಣ ಅವಧಿ ಸಾಮಾನ್ಯವಾಗಿ ಯಾವಾಗ ಬರುತ್ತದೆ ಅಂತ ನಿಮಗೇ ತಿಳಿಯುತ್ತದೆ.

ಮುನ್ಸೂಚನೆಗೆ ಹವಾಮಾನ ಇಲಾಖೆಯ ಮೇಘದೂತ ಆ್ಯಪ್ ಇದೆ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಜಿಲ್ಲಾವಾರು ಸಲಹೆ ಬರುತ್ತದೆ, ಕನ್ನಡದಲ್ಲೇ ಓದಬಹುದು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ, ಅದರ 'ವರುಣ ಮಿತ್ರ' ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು. ಐದು ದಿನದ ಮುನ್ಸೂಚನೆ ಪೂರ್ತಿ ನಿಜವಾಗುವುದಿಲ್ಲ, ಒಪ್ಪಿದೆ. ಆದರೂ ನಾಳೆ ಮಳೆ ಅಂತ ಇದ್ದಾಗ ಇವತ್ತು ಔಷಧಿ ಹೊಡೆಯದೇ ಇದ್ದರೆ ಆ ಒಂದು ಟ್ಯಾಂಕಿನ ದುಡ್ಡಂತೂ ಉಳಿಯಿತು ಅಲ್ವಾ?

ಮಣ್ಣು ಪರೀಕ್ಷೆ, ಆದರೆ ಸರಿಯಾಗಿ

ಮಣ್ಣು ಆರೋಗ್ಯ ಕಾರ್ಡು 2015ರಿಂದ ಕೊಡುತ್ತಿದ್ದಾರೆ. ಬಹಳ ಜನರ ಮನೆಯಲ್ಲಿ ಅದು ಕಪಾಟಿನಲ್ಲಿದೆ. ಅದು ನಿಮ್ಮ ಹೊಲದ ಮಣ್ಣಿಂದಲೇ ಬಂದದ್ದೋ ಅಥವಾ ಪಕ್ಕದವರ ಹೊಲದ ಮಾದರಿಯಿಂದ ಬಂದದ್ದೋ ಅಂತ ಗೊತ್ತಿಲ್ಲದಿದ್ದರೆ ಮತ್ತೊಮ್ಮೆ ಮಾಡಿಸಿ. ಮಾದರಿ ನೀವೇ ತೆಗೆಯಿರಿ. ಬೆಳೆ ಕೊಯ್ದ ಮೇಲೆ, ಗೊಬ್ಬರ ಹಾಕುವ ಮುಂಚೆ, ಏಪ್ರಿಲ್–ಮೇ ಒಳ್ಳೆಯ ಕಾಲ. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಹತ್ತು ಹನ್ನೆರಡು ಕಡೆ ಮೇಲಿನ ಕಸ ಸರಿಸಿ, ಆರು ಇಂಚು ಆಳಕ್ಕೆ 'ವಿ' ಆಕಾರದ ಗುಂಡಿ ತೋಡಿ, ಗುಂಡಿಯ ಬದಿಯಿಂದ ಒಂದು ಪದರ ಮಣ್ಣು ಕೆರೆದುಕೊಳ್ಳಿ. ಬದುವಿನ ಹತ್ತಿರ, ಮರದ ಕೆಳಗೆ, ತಿಪ್ಪೆ ಹಾಕಿದ್ದ ಜಾಗ ಬೇಡ. ಎಲ್ಲವನ್ನೂ ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಟ್ಟು, ಮತ್ತೆ ಕಲಸಿ, ಹೀಗೆ ಅರ್ಧ ಕೆಜಿ ಉಳಿಯುವವರೆಗೆ ಮಾಡಿ ನೆರಳಲ್ಲಿ ಒಣಗಿಸಿ ಕೊಡಿ. ಎರೆ (ಕಪ್ಪು ಮಣ್ಣು) ಮತ್ತು ಮಸಾರಿ (ಕೆಂಪು ಮಣ್ಣು) ಎರಡೂ ಇರುವ ಹೊಲವಾದರೆ ಎರಡು ಬೇರೆ ಚೀಲ.

ಕಾರ್ಡು ಬಂದ ಮೇಲೆ ಸಾರಜನಕ, ರಂಜಕ, ಪೊಟ್ಯಾಶ್ ಅಷ್ಟೇ ನೋಡಿ ಮಡಚಿಡಬೇಡಿ. ಕೆಳಗಿನ ಸಾಲುಗಳಲ್ಲಿ ಗಂಧಕ, ಸತು, ಬೋರಾನ್ ಇರುತ್ತದೆ. 2009ರಲ್ಲಿ ರಾಜ್ಯ ಸರ್ಕಾರ ಒಣಬೇಸಾಯದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ಭೂಚೇತನ ಯೋಜನೆ ಶುರು ಮಾಡಿದ್ದೇ ಈ ಕಾರಣಕ್ಕೆ. ನಮ್ಮ ಒಣಭೂಮಿಗಳಲ್ಲಿ ನೀರಿನಷ್ಟೇ ಈ ಮೂರರ ಕೊರತೆಯೂ ಇಳುವರಿ ತಿನ್ನುತ್ತಿತ್ತು. ಗಂಧಕಕ್ಕೆ ಜಿಪ್ಸಂ, ಸತುವಿಗೆ ಜಿಂಕ್ ಸಲ್ಫೇಟ್, ಬೋರಾನ್‌ಗೆ ಬೋರಾಕ್ಸ್. ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದಲ್ಲಿ ಸಿಗುತ್ತವೆ. ಒಂದು ಎಚ್ಚರಿಕೆ: ಬೋರಾಕ್ಸ್ ಎಕರೆಗೆ ಒಂದೆರಡು ಕೆಜಿಯ ಮಾತು. ಜಾಸ್ತಿ ಹಾಕಿದರೆ ಬೆಳೆಗೆ ವಿಷವಾಗುತ್ತದೆ. ಕಾರ್ಡಿನಲ್ಲಿ ಕೊರತೆ ಇಲ್ಲ ಅಂತಿದ್ದರೆ ಹಾಕಲೇಬೇಡಿ.

ಬಿದ್ದ ನೀರು ಬಿದ್ದಲ್ಲೇ ಇಂಗಲಿ

ಇಡೀ ಬರಹದಲ್ಲಿ ಒಂದೇ ಕೆಲಸ ಮಾಡುತ್ತೇನೆ ಅಂದರೆ, ಇದನ್ನು ಮಾಡಿ.

ಒಂದು ಮೀಟರ್ ಆಳದ ಎರೆ ಮಣ್ಣು, ಬೆಳೆ ಹೀರಿಕೊಳ್ಳಬಹುದಾದ ನೀರನ್ನೇ ಲೆಕ್ಕ ಹಿಡಿದರೂ 150ರಿಂದ 200 ಮಿ.ಮೀ. ತನಕ ಹಿಡಿದಿಡುತ್ತದೆ. ಎಕರೆಗೆ ಆರರಿಂದ ಎಂಟು ಲಕ್ಷ ಲೀಟರ್ ಆಯಿತು. ಮೇಲೆ ಹತ್ತು ಮೀಟರ್ ಉದ್ದ ಅಗಲ, ಮೂರು ಮೀಟರ್ ಆಳ, ಬದಿ ಇಳಿಜಾರಾಗಿರುವ ಕೃಷಿ ಹೊಂಡದಲ್ಲಿ ಹಿಡಿಯುವುದು ಒಂದೂವರೆ ಲಕ್ಷ ಚಿಲ್ಲರೆ ಮಾತ್ರ. ನಿಮ್ಮ ಹತ್ತಿರ ಈಗಾಗಲೇ ಇರುವ ದೊಡ್ಡ ತೊಟ್ಟಿ ನಿಮ್ಮ ಕಾಲ ಕೆಳಗಿನ ಮಣ್ಣೇ. ಅದಕ್ಕೆ ತಾಡಪಾಲು ಬೇಡ, ಪಂಪು ಬೇಡ, ಕರೆಂಟ್ ಬೇಡ. ತುಂಬಿಸುವುದು ಹೇಗೆ ಅನ್ನುವುದಷ್ಟೇ ಪ್ರಶ್ನೆ.

ಹಿಂಗಾರಿ ಜೋಳ, ಕಡಲೆ ಬಿತ್ತುವ ಆಳವಾದ ಎರೆ ಹೊಲಕ್ಕೆ ಚೌಕು ಮಡಿ ತುಂಬಾ ಒಳ್ಳೆಯದು. ಜೂನ್–ಜುಲೈನಲ್ಲಿ ಹೊಲ ಖಾಲಿ ಇರುತ್ತದೆಯಲ್ಲ, ಆಗ ಹರಗಿ ಸ್ವಚ್ಛ ಮಾಡಿ, ಉದ್ದಕ್ಕೂ ಅಡ್ಡಕ್ಕೂ ಸಣ್ಣ ಬದು ಎಳೆಯಿರಿ. ಬದುವಿನ ಎತ್ತರ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಇದ್ದರೂ ಸಾಕು. ಹೊಲ ಸಪಾಟಾಗಿದ್ದರೆ ಒಂದೊಂದು ಮಡಿ 10×10 ಮೀಟರ್ ಇರಬಹುದು. ಇಳಿಜಾರು ಹೆಚ್ಚಿದ್ದಷ್ಟು ಮಡಿ ಚಿಕ್ಕದಾಗಬೇಕು, ಆರು ಮೀಟರ್, ನಾಲ್ಕೂವರೆ ಮೀಟರ್. ಜುಲೈನಿಂದ ಸೆಪ್ಟೆಂಬರ್‌ವರೆಗೆ ಬಿದ್ದ ಪ್ರತಿ ಮಳೆ ಆ ಮಡಿಗಳಲ್ಲೇ ನಿಂತು ಇಂಗುತ್ತದೆ. ಬಿತ್ತುವ ಮುಂಚೆ ಕುಂಟೆ ಹೊಡೆದು ಸಪಾಟು ಮಾಡಿ ಬಿತ್ತಬೇಕು. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ 1930ರ ದಶಕದಿಂದಲೇ ನಡೆದಿದೆ. ಈಗ ಅಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಪ್ರಾದೇಶಿಕ ಸಂಶೋಧನಾ ಕೇಂದ್ರ ಇದೆ. ಆ ಕಡೆ ಹೋದಾಗ ಮಡಿ ಮಾಡಿದ ಹೊಲ ಹೇಗಿರುತ್ತದೆ ಅಂತ ಕಣ್ಣಾರೆ ನೋಡಿ ಬನ್ನಿ.

ಇಷ್ಟು ಒಳ್ಳೆಯದಿದ್ದರೆ ಎಲ್ಲರೂ ಯಾಕೆ ಮಾಡುವುದಿಲ್ಲ? ನಿಜವಾದ ತೊಂದರೆ ಕಳೆ. ಮಡಿಯೊಳಗೆ ನೀರು ನಿಂತ ಮೇಲೆ ಹುಲ್ಲು ಎದ್ದು ಬರುತ್ತದೆ, ಹರಗಲು ಹೋದರೆ ಬದು ಒಡೆಯುತ್ತದೆ, ಮತ್ತೆ ಕಟ್ಟಬೇಕು. ಮೊದಲಾದರೆ ಆಳು ಹಚ್ಚಿ ಕಟ್ಟಿಸಬೇಕಿತ್ತು. ಈಗ ಟ್ರ್ಯಾಕ್ಟರ್ ಹಿಂದೆ ಕಟ್ಟುವ ಬದು ಹಾಕುವ ಸಾಧನ ಬಂದಿದೆ. ಆಳುಗಳಿಗೆ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಬೇಗ ಮುಗಿಯುವುದರಿಂದ ಒಡೆದ ಬದುವನ್ನು ಎರಡನೇ ಸಲ ಕಟ್ಟಿಸಲು ಹಿಂದೆಮುಂದೆ ನೋಡಬೇಕಾಗಿಲ್ಲ. ನನ್ನ ಮಟ್ಟಿಗೆ ಡ್ರೋನ್‌ಗಿಂತ ದೊಡ್ಡ ಒಣಬೇಸಾಯದ ಯಂತ್ರ ಇದೇ.

ಮಸಾರಿ ಹೊಲದ ಕಥೆ ಬೇರೆ. ಅಲ್ಲಿ ಮುಂಗಾರಿನಲ್ಲೇ ಬೆಳೆ ಇರುತ್ತದೆ, ಮಣ್ಣಿನ ಆಳ ಕಡಿಮೆ, ಮಳೆ ಹೊಡೆತಕ್ಕೆ ಮೇಲ್ಪದರ ಗಟ್ಟಿಯಾಗಿ ನೀರು ಜಾರಿ ಹೋಗುತ್ತದೆ. ತುಮಕೂರು, ಚಿತ್ರದುರ್ಗ ಕಡೆ ರಾಗಿ ಬೆಳೆಯುವವರು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ, ಆ ಎರಡು ತೊಗರಿ ಸಾಲಿನ ನಡುವೆ ಒಂದು ಆಳವಾದ ಸಾಲು ಬಿಡಬೇಕು. ಮಳೆ ಬಂದಾಗ ನೀರು ಅದರಲ್ಲಿ ನಿಂತು ಇಂಗುತ್ತದೆ, ಮಳೆ ಜಾಸ್ತಿಯಾದರೆ ಅದೇ ಸಾಲು ನೀರನ್ನು ಹೊರಗೆ ಬಿಡುತ್ತದೆ. ಇದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸು. ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ ರೈತರ ಹೊಲಗಳಲ್ಲೇ ಮಾಡಿ ತೋರಿಸಿದ್ದಾರೆ. ಇದಕ್ಕೆ ಬೇಕಾಗುವುದು ನೇಗಿಲಿನ ಒಂದು ಸಾಲು. ಬೇರೆ ಖರ್ಚಿಲ್ಲ.

ಯಾವ ಮಣ್ಣಾದರೂ ಸರಿ, ಉಳುಮೆ, ಬಿತ್ತನೆ, ಎಡೆ ಎಲ್ಲವೂ ಇಳಿಜಾರಿಗೆ ಅಡ್ಡ ಇರಲಿ. ಟ್ರ್ಯಾಕ್ಟರ್‌ನವನು ತಿರುವು ಕಡಿಮೆ ಬರಲಿ ಅಂತ ಹೊಲದ ಉದ್ದಕ್ಕೇ ಹೊಡೆಯುತ್ತಾನೆ, ಆ ಉದ್ದ ಇಳಿಜಾರಿನ ಕಡೆಗೇ ಇದ್ದರೆ ನೀರು ಹೋಗಲು ನಾವೇ ಕಾಲುವೆ ಮಾಡಿಕೊಟ್ಟ ಹಾಗೆ ಆಗುತ್ತದೆ. ಹೊಲದಲ್ಲಿ ನಿಂತು ಅಡ್ಡ ಹೊಡಿ ಅಂತ ಹೇಳಿ. ಸ್ವಲ್ಪ ಬಾಡಿಗೆ ಜಾಸ್ತಿ ಕೇಳಿದರೂ ಕೊಡಿ.

ಇನ್ನು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಸುಡುವುದನ್ನು ದಯವಿಟ್ಟು ನಿಲ್ಲಿಸಿ. ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಗುತ್ತದೆ. ದನ ಕಡಿಮೆಯಾಗಿ ತಿಪ್ಪೆ ಗೊಬ್ಬರ ಕಡಿಮೆಯಾಗಿರುವ ಈ ಕಾಲದಲ್ಲಿ ಮಣ್ಣಿಗೆ ಸಾವಯವ ಅಂಶ ಸೇರಿಸಲು ಉಳಿದಿರುವ ದಾರಿಗಳು ಕೆಲವೇ. ಬೆಳೆಯ ಉಳಿಕೆ, ಬದುವಿನ ಮೇಲಿನ ಗ್ಲಿರಿಸಿಡಿಯಾ ಗಿಡದ ಸೊಪ್ಪು, ಸೆಣಬಿನ ಹಸಿರೆಲೆ, ಇವೇ ಮೂರು ನಾಲ್ಕು. ಸಾವಯವ ಅಂಶ ಇರುವ ಮಣ್ಣು ನೀರು ಹೀರುವುದೂ ಜಾಸ್ತಿ, ಹಿಡಿದಿಡುವುದೂ ಜಾಸ್ತಿ.

ಬೀಜ ಮತ್ತು ಬಿತ್ತುವ ಹೊತ್ತು

ತಳಿ ಆರಿಸುವಾಗ ಅತಿ ಹೆಚ್ಚು ಇಳುವರಿ ಯಾವುದಕ್ಕೆ ಅಂತ ಕೇಳಬೇಡಿ. ಎಷ್ಟು ದಿನಕ್ಕೆ ಬರುತ್ತದೆ, ನಿಮ್ಮ ಮಣ್ಣಿನ ತೇವ ಅಷ್ಟು ದಿನ ಇರುತ್ತದೆಯಾ, ಇದನ್ನು ಕೇಳಿ. ಕಲಬುರಗಿ ಭಾಗದ ತೊಗರಿಗೆ ಟಿಎಸ್-3ಆರ್ ಬೇಗ ಬರುವ, ಗಿಡ ಒಣಗಿಸುವ ಸಿಡಿ ರೋಗ ತಡೆಯುವ ತಳಿ. ತೇವ ಚೆನ್ನಾಗಿರುವ ಆಳ ಎರೆಗೆ ಜಿಆರ್‌ಜಿ-811 ನೋಡಬಹುದು. ಕಡಲೆಯಲ್ಲಿ ಜೆಜಿ-11 ಎಲ್ಲರಿಗೂ ಗೊತ್ತು. ಕೊಯ್ಲಿಗೆ ಆಳು ಸಿಗುವುದಿಲ್ಲ ಅನ್ನುವವರು ಎತ್ತರ ಬೆಳೆಯುವ ಜಿಬಿಎಂ-2 ಅಥವಾ ಎನ್‌ಬಿಇಜಿ-47 ಹಾಕಿದರೆ ಕಂಬೈನ್ ಯಂತ್ರದಲ್ಲಿ ಕೊಯ್ಯಬಹುದು, ಕೆಳಗಿನ ಕಾಯಿ ಹೊಲದಲ್ಲೇ ಉಳಿಯುವುದಿಲ್ಲ. ರಾಗಿಗೆ ಬರ ತಡೆಯುವ ಗುಣ ಬೇಕಿದ್ದರೆ ಎಂಎಲ್-365. ಹಿಂಗಾರಿ ಜೋಳಕ್ಕೆ ಹಳೆಯ ಮಾಲದಂಡಿಯನ್ನು, ಅಂದರೆ ಎಂ 35-1 ಅನ್ನು, ರೊಟ್ಟಿಗೂ ಮೇವಿಗೂ ಇವತ್ತಿಗೂ ಜನ ಬಿಟ್ಟಿಲ್ಲ. ಬಿಡಬೇಕಾಗಿಯೂ ಇಲ್ಲ. ಆದರೆ ಬೀಜವನ್ನು ಮೂರು ನಾಲ್ಕು ವರ್ಷಕ್ಕೊಮ್ಮೆಯಾದರೂ ಹೊಸದು ತನ್ನಿ.

ಬೀಜೋಪಚಾರ ಒಂದು ದಿನದ ಕೆಲಸ. ತೊಗರಿ, ಕಡಲೆಗೆ ಕೆಜಿಗೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರ), ಆಮೇಲೆ ಸಾರಜನಕ ಹಿಡಿದುಕೊಡುವ ರೈಜೋಬಿಯಂ, ರಂಜಕ ಕರಗಿಸುವ ಅಣುಜೀವಿ ಗೊಬ್ಬರ. ಇದನ್ನು ನೆರಳಲ್ಲೇ ಮಾಡಿ. ರಾಸಾಯನಿಕ ಔಷಧಿಯನ್ನೂ ಇದನ್ನೂ ಒಟ್ಟಿಗೆ ಕಲಸಬೇಡಿ. ಹಿಂಗಾರಿ ಜೋಳದ ಬೀಜವನ್ನು ಬರ ತಡೆಯುವ ಹಾಗೆ ಗಟ್ಟಿ ಮಾಡುವ ಒಂದು ವಿಧಾನ ಇದೆ. ಒಂದು ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಬೀಜವನ್ನು ಎಂಟು ಗಂಟೆ ನೆನೆಸಿ, ನೆರಳಲ್ಲಿ ಮೊದಲಿನಷ್ಟೇ ಒಣಗುವವರೆಗೆ ಒಣಗಿಸಿ ಬಿತ್ತಬೇಕು. ಕಡಲೆಗೂ ಇದನ್ನು ಮಾಡುತ್ತಾರೆ, ಆದರೆ ಅಷ್ಟು ಹೊತ್ತು ನೆನೆಸಿದರೆ ಕಾಳು ಸಿಪ್ಪೆ ಬಿಡುತ್ತದೆ. ಅವಧಿಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಯೇ ಮಾಡಿ.

ಬಿತ್ತುವ ಹೊತ್ತು ಯಾವುದು? ಮುಂಗಾರಿಯಲ್ಲಿ ಮೊದಲ ಮಳೆಗೇ ಓಡಬೇಡಿ. ಮಣ್ಣು ಅಗೆದು ನೋಡಿ, ಒಂದು ಗೇಣು ಆಳಕ್ಕೆ ನೆಂದಿದ್ದರೆ ಬಿತ್ತಿ. ಮೇಲೆ ನಾಲ್ಕು ಬೆರಳು ಹಸಿ ಇದ್ದು ಕೆಳಗೆ ಒಣ ಇದ್ದರೆ ಮೊಳಕೆ ಬಂದು ಸುಟ್ಟು ಹೋಗುತ್ತದೆ, ಬೀಜ ಎರಡು ಸಲ ಕೊಳ್ಳಬೇಕಾಗುತ್ತದೆ. ಹಿಂಗಾರಿ ಜೋಳವನ್ನು ಉತ್ತರೆ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಬಿತ್ತಬಹುದು, ಅಕ್ಟೋಬರ್ ಮೊದಲ ಹದಿನೈದು ದಿನ ದಾಟಬಾರದು. ತಡವಾದಷ್ಟು ತೆನೆ ಹೊತ್ತಿಗೆ ತೇವ ಇರುವುದಿಲ್ಲ. ಬೀಜವೂ ಗೊಬ್ಬರವೂ ಒಟ್ಟಿಗೆ ಬೀಳುವ ಟ್ರ್ಯಾಕ್ಟರ್ ಕೂರಿಗೆ ಸಿಕ್ಕರೆ ಬಿಡಬೇಡಿ. ಗೊಬ್ಬರ ಬೀಜದ ಪಕ್ಕ, ಸ್ವಲ್ಪ ಆಳದಲ್ಲಿ, ಹಸಿ ಇರುವಲ್ಲಿ ಬೀಳುತ್ತದೆ. ಮೇಲೆ ಎರಚಿದ ಯೂರಿಯಾ ಒಣಭೂಮಿಯಲ್ಲಿ ಬೆಳೆಗೆ ಮುಟ್ಟುವುದೇ ಕಡಿಮೆ.

ಬೀದರ್ ಕಡೆ ತೊಗರಿಯನ್ನು ಸಸಿ ಮಾಡಿ ನಾಟಿ ಮಾಡುತ್ತಾರೆ. ಸಣ್ಣ ಪಾಲಿಥಿನ್ ಚೀಲದಲ್ಲಿ ಮೇ ತಿಂಗಳಲ್ಲೇ ಬೀಜ ಊರಿ, ಮಳೆ ಹಿಡಿದ ಮೇಲೆ ತಿಂಗಳ ಸಸಿಯನ್ನು ಅಗಲ ಅಂತರದಲ್ಲಿ ಹೊಲಕ್ಕೆ ಇಡುವುದು. ಮಳೆ ತಡವಾದ ವರ್ಷದಲ್ಲಿ ಒಂದು ತಿಂಗಳು ಮುಂದೆ ಇದ್ದಂತೆ ಆಗುತ್ತದೆ. ಶ್ರಮ ಜಾಸ್ತಿ, ಹಾಗಾಗಿ ಎಕರೆ ಎರಡೆಕರೆ ಇರುವ ಕುಟುಂಬಕ್ಕೆ ಸರಿ, ಇಪ್ಪತ್ತು ಎಕರೆಯವರಿಗೆ ಆಗದು. ನಾಟಿ ಮಾಡಲಿ ಬಿಡಲಿ, 45–50 ದಿನಕ್ಕೆ ಕುಡಿ ಚಿವುಟುವುದನ್ನು ಮರೆಯಬೇಡಿ. ಪಕ್ಕದ ಕೊಂಬೆ ಹೆಚ್ಚುತ್ತವೆ. ಬ್ಯಾಟರಿಯಲ್ಲಿ ಓಡುವ ಕುಡಿ ಕತ್ತರಿಸುವ ಸಣ್ಣ ಯಂತ್ರ ಬಂದ ಮೇಲೆ ಇದು ಸುಲಭವಾಗಿದೆ. ಹೂ ಉದುರುವ ಸಮಸ್ಯೆಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶದ ಮಿಶ್ರಣ ಇದೆ, ಹೂವಾಡುವ ಹೊತ್ತಿಗೆ ಒಮ್ಮೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸುತ್ತಾರೆ.

ಎಡೆ ಹೊಡೆಯುವುದನ್ನು ಕಡಿಮೆ ಮಾಡಬೇಡಿ

ಕಳೆನಾಶಕ ಬಂದ ಮೇಲೆ ಎಡೆಕುಂಟೆ ಮೂಲೆ ಸೇರಿದೆ. ಎರೆ ಹೊಲದಲ್ಲಿ ಇದು ದೊಡ್ಡ ನಷ್ಟ. ಎಡೆ ಹೊಡೆಯುವುದು ಬರೀ ಕಳೆಗಲ್ಲ. ಮಣ್ಣು ಬಿರುಕು ಬಿಟ್ಟಾಗ ಒಳಗಿನ ತೇವ ಆ ಬಿರುಕಿನಿಂದಲೇ ಆವಿಯಾಗಿ ಹೋಗುತ್ತದೆ. ಎಡೆ ಹೊಡೆದರೆ ಬಿರುಕು ಮುಚ್ಚಿ ಮೇಲೆ ಪುಡಿ ಮಣ್ಣಿನ ಹೊದಿಕೆ ಆಗುತ್ತದೆ. ಹಿಂಗಾರಿ ಜೋಳಕ್ಕೆ ಮೂರು ಸಲ ಎಡೆ ಬೇಕು. ಬಿರುಕು ಕಾಣಿಸುವ ಮುಂಚೆಯೇ ಹೊಡೆಯಿರಿ. ಎತ್ತು ಇಲ್ಲದವರಿಗೆ ಪವರ್ ವೀಡರ್ ಬಾಡಿಗೆಗೆ ಸಿಗುತ್ತದೆ.

ಕೃಷಿ ಹೊಂಡ: ಲೆಕ್ಕ ಹಾಕಿ ತೋಡಿಸಿ

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹಳ್ಳಿ ಹಳ್ಳಿಯಲ್ಲಿ ಹೊಂಡ ಆಗಿವೆ. ಕೆಲವು ಬೆಳೆ ಉಳಿಸಿವೆ, ಕೆಲವು ಒಣಗಿ ಕಸದ ಗುಂಡಿಯಾಗಿವೆ. ವ್ಯತ್ಯಾಸ ಎಲ್ಲಿ ಬರುತ್ತದೆ ಅಂದರೆ ಜಾಗದಲ್ಲಿ, ಅಳತೆಯಲ್ಲಿ, ಒಳಮೈಯಲ್ಲಿ.

ಜಾಗ ಆರಿಸಲು ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊಲ ಸುತ್ತಿ. ನೀರು ತಾನಾಗಿಯೇ ಎಲ್ಲಿ ಕೂಡುತ್ತದೋ ಅಲ್ಲೇ ಹೊಂಡ. ಜೆಸಿಬಿಗೆ ಅನುಕೂಲ ಅಂತ ರಸ್ತೆ ಪಕ್ಕ ತೋಡಿಸಿದರೆ ನೀರು ಬರುವುದಿಲ್ಲ.

ಅಳತೆಗೆ ಬರೋಣ. ಬದಿಗಳನ್ನು ನೇರ ಕಡಿಯದೆ ಒಂದಕ್ಕೆ ಒಂದರಂತೆ (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಇಳಿಜಾರು ಕೊಟ್ಟರೆ, ಮೇಲೆ 10×10 ಮೀಟರ್, ಆಳ 3 ಮೀಟರ್ ಇರುವ ಹೊಂಡದಲ್ಲಿ ಸುಮಾರು 1.56 ಲಕ್ಷ ಲೀಟರ್ ಹಿಡಿಯುತ್ತದೆ. 15×15 ಆದರೆ 4.4 ಲಕ್ಷ, 21×21 ಆದರೆ 9.8 ಲಕ್ಷ. ಇಷ್ಟು ನೀರು ಬರಬೇಕಲ್ಲ? ಬಿದ್ದ ಮಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಹರಿದು ಬರುತ್ತದೆ ಅಂತ ಹಿಡಿದರೆ, 600 ಮಿ.ಮೀ. ಮಳೆಯಲ್ಲಿ ಎಕರೆಗೆ 2.4 ಲಕ್ಷ ಲೀಟರ್. ಮೇಲೆ ಹೇಳಿದ ಹಾಗೆ ಚೌಕು ಮಡಿ ಮಾಡಿದರೆ ಹರಿದು ಬರುವುದು ಇನ್ನೂ ಕಡಿಮೆ, ಅದು ಒಳ್ಳೆಯದೇ. ಹಾಗಾಗಿ ಎರಡು ಎಕರೆಯವರು 21×21 ತೋಡಿಸಿ ಜಾಗ ಕಳೆದುಕೊಳ್ಳಬೇಡಿ. ಮೇಲಿನ ಗುಡ್ಡದ ನೀರು ನಿಮ್ಮ ಹೊಲಕ್ಕೆ ಬರುತ್ತದೆ ಅನ್ನುವಂತಿದ್ದರೆ ಮಾತ್ರ ದೊಡ್ಡದು.

ನೀರು ಒಳಬರುವ ಬಾಯಲ್ಲಿ ಹೂಳು ನಿಲ್ಲಲು ಒಂದು ಸಣ್ಣ ಗುಂಡಿ ಇರಲಿ. ಇಲ್ಲದಿದ್ದರೆ ನಾಲ್ಕೈದು ವರ್ಷದಲ್ಲಿ ಹೊಂಡ ಅರ್ಧ ಮಣ್ಣು. ತುಂಬಿದ ಮೇಲೆ ಹೊರಹೋಗುವ ದಾರಿಗೆ ಕಲ್ಲು ಹಾಸಿ. ಎರೆ ಮಣ್ಣಲ್ಲಿ ನೀರು ಸ್ವಲ್ಪ ನಿಲ್ಲುತ್ತದೆ. ಮಸಾರಿಯಲ್ಲಿ ಒಳಮೈ ಮುಚ್ಚದೆ ನಿಲ್ಲುವುದೇ ಇಲ್ಲ. ದಪ್ಪನೆಯ ಪಾಲಿಥಿನ್ ಹಾಳೆ ಹಾಕಿ, ಇಲ್ಲವೇ ಆರು ಪಾಲು ಮಣ್ಣಿಗೆ ಒಂದು ಪಾಲು ಸಿಮೆಂಟ್ ಸೇರಿಸಿ ಒಳಗೆ ಗಿಲಾವು ಮಾಡಿಸಿ. ಹಾಳೆ ಹಾಕುವ ಮುಂಚೆ ಚೂಪು ಕಲ್ಲು, ಬೇರು ಎಲ್ಲ ತೆಗೆಯಬೇಕು.

ಇದನ್ನು ತುಂಬಾ ಕಳಕಳಿಯಿಂದ ಹೇಳುತ್ತಿದ್ದೇನೆ: ತಂತಿ ಬೇಲಿ ಹಾಕದೆ ಹೊಂಡಕ್ಕೆ ನೀರು ತುಂಬಿಸಬೇಡಿ. ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ದೊಡ್ಡವರಿಗೂ ಹತ್ತಿ ಬರಲು ಆಗುವುದಿಲ್ಲ. ಕೃಷಿ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಪ್ರತಿ ವರ್ಷ ಬರುತ್ತದೆ. ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಡಿ, ಗಾಳಿ ತುಂಬಿದ ಹಳೆಯ ಟ್ಯೂಬ್ ಒಂದು ನೀರಲ್ಲಿ ತೇಲುತ್ತಿರಲಿ.

ಆ ನೀರನ್ನು ಯಾವಾಗ ಬಳಸಬೇಕು? ಬೇಸಿಗೆಗೆ ಇರಲಿ ಅಂತ ಕೂಡಿಡುವವರಿದ್ದಾರೆ. ಲೆಕ್ಕ ನೋಡಿ. 21×21 ಹೊಂಡದ ಮೇಲಿಂದ ದಿನಕ್ಕೆ 6 ಮಿ.ಮೀ. ಆವಿಯಾದರೆ ದಿನಕ್ಕೆ 2,600 ಲೀಟರ್, ಎರಡು ತಿಂಗಳಿಗೆ ಒಂದೂವರೆ ಲಕ್ಷ ಲೀಟರ್ ಗಾಳಿಗೆ ಹೋಯಿತು. ಬೆಳೆ ಬಾಡಲು ಶುರುವಾದಾಗಲೇ ಕೊಡಿ, ಆಮೇಲೆ ಮಳೆ ಬಂದರೆ ಮತ್ತೆ ತುಂಬುತ್ತದೆ. ಜೋಳಕ್ಕೆ ತೆನೆ ಹೊರಡುವಾಗ, ಶೇಂಗಾಕ್ಕೆ ಹೂವಾಗಿ ಊಡು (ಕಾಯಿ ಕಟ್ಟುವ ಎಳೆ) ಮಣ್ಣಿಗೆ ಇಳಿಯುವಾಗ, ತೊಗರಿಗೆ ಹೂ ಮತ್ತು ಕಾಯಿ ಕಟ್ಟುವಾಗ, ಕಡಲೆಗೆ ಹೂ ಬರುವ ಮುಂಚೆ ಒಮ್ಮೆ, ಕಾಯಿ ತುಂಬುವಾಗ ಒಮ್ಮೆ. ಈ ಹೊತ್ತಿನ ಒಂದು ನೀರು ಬೇರೆ ಹೊತ್ತಿನ ಮೂರು ನೀರಿಗಿಂತ ಮೇಲು. ಕಡಲೆಗೆ ಜಾಸ್ತಿ ಕೊಟ್ಟರೆ ಬರೀ ಸೊಪ್ಪು ಬೆಳೆಯುತ್ತದೆ. ಎರೆ ಹೊಲ ದೊಡ್ಡ ಬಿರುಕು ಬಿಟ್ಟ ಮೇಲೆ ನೀರು ಹಾಯಿಸಿದರೆ ಎಲ್ಲ ಬಿರುಕಿನಲ್ಲಿ ಇಳಿದು ಹೋಗುತ್ತದೆ, ಅದಕ್ಕೂ ಮುಂಚೆ ಕೊಡಿ.

ತುಂತುರು, ಹನಿ

ಹೊಂಡದ ನೀರನ್ನು ಸಾಲಲ್ಲಿ ಹಾಯಿಸಿದರೆ ಎಕರೆಗೆ ಒಂದು ಸಲಕ್ಕೆ ಎರಡು ಲಕ್ಷ ಲೀಟರ್ ಸುಲಭವಾಗಿ ಕುಡಿಯುತ್ತದೆ. ಅಂದರೆ ಸಣ್ಣ ಹೊಂಡ ಒಂದು ಎಕರೆಗೂ ಸಾಲದು. ತುಂತುರಿನಲ್ಲಿ 25 ಮಿ.ಮೀ. ಕೊಟ್ಟರೆ ಒಂದು ಲಕ್ಷಕ್ಕೆ ಮುಗಿಯುತ್ತದೆ. ಹಾಗಾಗಿ ಹೊಂಡದ ಜೊತೆಗೇ ಸ್ಪ್ರಿಂಕ್ಲರ್ ಪೈಪು ತೆಗೆದುಕೊಳ್ಳಿ, ಒಂದಿಲ್ಲದೆ ಇನ್ನೊಂದು ಅರ್ಧ ಕೆಲಸ. ಗಾಳಿ ಕಡಿಮೆ ಇರುವ ಬೆಳಗಿನ ಜಾವ ಅಥವಾ ಸಂಜೆ ಓಡಿಸಿ.

ಹನಿ ನೀರಾವರಿ ದಾಳಿಂಬೆ, ಮಾವು, ತರಕಾರಿ, ಸಾಲು ದೂರ ಇರುವ ಹತ್ತಿ, ತೊಗರಿಗೆ ಸರಿ. ಹಾಕಿಸಿದ ಮೇಲೆ ನೋಡಿಕೊಳ್ಳುವುದೇ ಇದರಲ್ಲಿ ಮುಖ್ಯ. ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ, ಲ್ಯಾಟರಲ್ ಪೈಪಿನ ತುದಿ ಬಿಚ್ಚಿ ಕೆಸರು ನೀರು ಹೊರಗೆ ಬಿಡಿ. ನೀರು ಸಮನಾಗಿ ಬೀಳುತ್ತಿದೆಯಾ ನೋಡಲು ಸಾಲಿನ ಮೊದಲು, ನಡು, ಕೊನೆಯ ಡ್ರಿಪ್ಪರ್ ಕೆಳಗೆ ಬಾಟಲಿ ಇಟ್ಟು ಆರು ನಿಮಿಷ ಹಿಡಿಯಿರಿ. ಗಂಟೆಗೆ 4 ಲೀಟರ್‌ನ ಡ್ರಿಪ್ಪರ್ ಆದರೆ 400 ಮಿಲಿಲೀಟರ್ ಬರಬೇಕು. ಕೊನೆಯದರಲ್ಲಿ 250 ಬಂದರೆ ಎಲ್ಲೋ ಕಟ್ಟಿದೆ ಅಥವಾ ಒತ್ತಡ ಸಾಲುತ್ತಿಲ್ಲ.

ಬೋರ್‌ವೆಲ್ ಇರುವವರಿಗೆ ಒಂದು ಮಾತು. ಹನಿ ಹಾಕಿ ಉಳಿದ ನೀರಿಗೆ ಇನ್ನೆರಡು ಎಕರೆ ಬೆಳೆ ಹೆಚ್ಚಿಸಿದರೆ ಅಂತರ್ಜಲಕ್ಕೆ ಏನೂ ಉಳಿಯಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ದಾಟಿದ ಮೇಲೂ ಬೋರ್ ವಿಫಲವಾಗುವುದನ್ನು ನಾವೆಲ್ಲ ನೋಡಿದ್ದೇವೆ.

ಸಹಾಯಧನದ ಪ್ರಮಾಣ ಆಗಾಗ ಬದಲಾಗುತ್ತದೆ, ಈ ವರ್ಷ ಎಷ್ಟು ಅಂತ ಕೇಳಿಯೇ ಮುಂದುವರಿಯಿರಿ. ತೋಟದ ಬೆಳೆಗೆ ತೋಟಗಾರಿಕೆ ಇಲಾಖೆ, ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ, ಹೊಲದ ಬೆಳೆಗೆ ಕೃಷಿ ಇಲಾಖೆ. ಎಲ್ಲದಕ್ಕೂ ಸರ್ಕಾರದ ರೈತರ ನೋಂದಣಿ ತಂತ್ರಾಂಶ ಫ್ರೂಟ್ಸ್‌ನ ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ ಬೇಕು. ನಿಮ್ಮ ಎಲ್ಲ ಸರ್ವೆ ನಂಬರ್ ಅದರಲ್ಲಿ ಸೇರಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ನೋಡಿಸಿಕೊಳ್ಳಿ.

ಈಗ ಡ್ರೋನ್, ಸೆನ್ಸರ್

ಡ್ರೋನ್ ಕೊಳ್ಳಬೇಡಿ, ಬಾಡಿಗೆಗೆ ಕರೆಸಿ. ತೊಗರಿ ಎದೆ ಎತ್ತರ ಬೆಳೆದು ಒಳಗೆ ನುಗ್ಗಿ ಔಷಧಿ ಹೊಡೆಯುವುದು ಕಷ್ಟವಾದಾಗ ಅದರ ನಿಜವಾದ ಉಪಯೋಗ. ಬೆನ್ನಿನ ಪಂಪಿಗೆ ಎಕರೆಗೆ 150–200 ಲೀಟರ್ ನೀರು ಬೇಕು, ಡ್ರೋನ್‌ಗೆ 10 ಲೀಟರ್ ಸಾಕು. ನೀರು ಹೊತ್ತು ತರುವುದೇ ಕಷ್ಟ ಇರುವ ಊರಿಗೆ ಇದು ದೊಡ್ಡ ಉಳಿತಾಯ, ಔಷಧಿ ಮೈಗೆ ತಾಗುವುದೂ ತಪ್ಪುತ್ತದೆ. ಗಾಳಿ ಇದ್ದಾಗ ಬೇಡ. ಕಳೆನಾಶಕವನ್ನಂತೂ ಪಕ್ಕದ ಹೊಲ ನೋಡದೆ ಡ್ರೋನ್‌ನಲ್ಲಿ ಹೊಡೆಸಬೇಡಿ.

ಮಣ್ಣಿನ ತೇವ ಹೇಳುವ ಸೆನ್ಸರ್ ದ್ರಾಕ್ಷಿ, ದಾಳಿಂಬೆಗೆ ಹಾಕಿದ ದುಡ್ಡು ತರುತ್ತದೆ, ಯಾಕೆಂದರೆ ಅಲ್ಲಿ ನೀರು ಯಾವಾಗ ಬಿಡಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ಬರೀ ಮಳೆ ಜೋಳಕ್ಕೆ ಅದರಿಂದ ಏನೂ ಆಗದು. ಒಂದು ಅಡಿ ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡಿ. ಉಂಡೆ ಕಟ್ಟಿದರೆ ತೇವ ಇದೆ, ಉದುರಿದರೆ ಇಲ್ಲ.

ದೊಡ್ಡ ಯಂತ್ರಗಳಿಗೆ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿವೆ. ಹದ ಬಂದ ದಿನ ಎಲ್ಲರಿಗೂ ಒಟ್ಟಿಗೆ ಕೂರಿಗೆ ಬೇಕಾಗುತ್ತದೆ, ಸಾಲುವುದಿಲ್ಲ. ನಾಲ್ಕೈದು ಮನೆಯವರು ಸೇರಿ ಮೊದಲೇ ಹೇಳಿಟ್ಟರೆ ಸಿಗುವ ಸಾಧ್ಯತೆ ಜಾಸ್ತಿ.

ತೂಕ ಹಾಕಿ, ವಿಮೆ ಮಾಡಿಸಿ

ಹೊಸದು ಏನೇ ಮಾಡಿದರೂ ಇಡೀ ಹೊಲಕ್ಕೆ ಒಂದೇ ಸಲ ಮಾಡಬೇಡಿ. ಪಕ್ಕದಲ್ಲಿ ಅರ್ಧ ಎಕರೆ ಹಳೆಯ ಪದ್ಧತಿಯಲ್ಲೇ ಬಿಡಿ. ರಾಶಿ ಮಾಡುವಾಗ ಎರಡನ್ನೂ ಬೇರೆ ಬೇರೆ ತೂಗಿ, ಖರ್ಚನ್ನೂ ಬೇರೆ ಬರೆಯಿರಿ. ಅಂಗಡಿಯವರು ಹೇಳಿದ್ದು, ನಾನು ಹೇಳಿದ್ದು ಯಾವುದೂ ನಿಮ್ಮ ಹೊಲದ ಆ ಎರಡು ತೂಕಕ್ಕಿಂತ ದೊಡ್ಡದಲ್ಲ.

ಕೇಂದ್ರದ ಬೆಳೆ ವಿಮೆ ಯೋಜನೆ ಫಸಲ್ ಬಿಮಾಕ್ಕೆ ಮುಂಗಾರಿ ಆಹಾರ ಬೆಳೆಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಬೆಳೆಗೆ ಶೇ. 5 ಮಾತ್ರ ನೀವು ಕಟ್ಟುವುದು. ಕೊನೆಯ ದಿನಾಂಕ ಬೆಳೆಯಿಂದ ಬೆಳೆಗೆ ಬೇರೆ, ಅದನ್ನು ಬಿತ್ತುವ ಮುಂಚೆಯೇ ಕೇಳಿಟ್ಟುಕೊಳ್ಳಿ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನಿಮ್ಮ ಹೊಲದ ಫೋಟೊವನ್ನು ನೀವೇ ಹಾಕಿ. ವಿಮೆ ಕಟ್ಟಿದ್ದು ತೊಗರಿಗೆ, ಸಮೀಕ್ಷೆಯಲ್ಲಿ ಬಂದದ್ದು ಹೆಸರು ಅಂತಾದರೆ ಪರಿಹಾರ ತಡೆಯುತ್ತಾರೆ. ತಪ್ಪಾಗಿದ್ದರೆ ಆಕ್ಷೇಪಣೆ ಸಲ್ಲಿಸಲು ಅವಕಾಶ ಇರುತ್ತದೆ, ಅವಧಿ ಮುಗಿಯುವ ಮುಂಚೆ ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಹೋಗಿ ಸರಿ ಮಾಡಿಸಿ. ಇನ್ನೇನಾದರೂ ಗೊಂದಲ ಇದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.